ಗೋಲು ಹೊಡೀತಾನೆ ಸರ್, ಆದರೆ...

ಪ್ರಶ್ನೆ: ಸರ್, ನಾನು ನಮ್ಮೂರಿನ ಒಂದು ಫುಟ್‌ಬಾಲ್ ಕ್ಲಬ್‌ನ ಕಮಿಟಿಯಲ್ಲಿದ್ದೇನೆ. ಜಿಲ್ಲಾ ಲೀಗ್ ಆಡುವ ಚಿಕ್ಕ ಕ್ಲಬ್. ಅಂಡರ್-15 ಹುಡುಗರ ತಂಡ ಇದೆ. ಕಳೆದ ವರ್ಷದಿಂದ ಹುಡುಗಿಯರ ತಂಡವೂ ಇದೆ. ಈ ಸಲ ನಮಗೆ ಒಬ್ಬ ಸ್ಟ್ರೈಕರ್ ಸಿಗುವ ಹಾಗಿದೆ. 24 ವರ್ಷ. ಇಡೀ ಲೀಗ್‌ನಲ್ಲಿ ಅವನ ಹಾಗೆ ಆಡುವವರಿಲ್ಲ. ಆದರೆ ಎರಡು ವರ್ಷದ ಹಿಂದೆ ಪಂದ್ಯ ಮುಗಿದ ಮೇಲೆ ಎದುರು ತಂಡದ ಹುಡುಗನಿಗೆ ಹೊಡೆದು ದವಡೆ ಮುರಿದಿದ್ದ. ಪೊಲೀಸ್ ಕೇಸ್ ಆಯಿತು, ಆಮೇಲೆ ರಾಜಿಯಾಯಿತು. ಒಂದು ವರ್ಷ ಬ್ಯಾನ್ ಇತ್ತು, ಅದೂ ಮುಗಿದಿದೆ. ಕಮಿಟಿಯಲ್ಲಿ ಅರ್ಧ ಜನ ತಗೊಳ್ಳೋಣ ಅಂತಾರೆ, ಅರ್ಧ ಜನ ಬೇಡ ಅಂತಾರೆ. ಅಮೆರಿಕದ ಮೈಕೆಲ್ ವಿಕ್ ಜೈಲಿಗೆ ಹೋಗಿ ಬಂದು ಮತ್ತೆ ಆಡಿದ. ಸ್ಕಾಟ್‌ಲೆಂಡಿನ ಗುಡ್‌ವಿಲ್ಲಿಗೆ ಜೈಲೇ ಆಗಿರಲಿಲ್ಲ, ಆದರೂ ಆಡಲು ಬಿಡಲಿಲ್ಲ. ಹೀಗಾದರೆ ಯಾವ ಲೆಕ್ಕ ಹಿಡಿದು ತೀರ್ಮಾನ ಮಾಡುವುದು?

ಉತ್ತರ: ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. ನೀವು ಬರೆದಷ್ಟನ್ನೇ ನೋಡಿದರೆ ನನ್ನ ಒಲವು ತಗೊಳ್ಳಿ ಅನ್ನುವ ಕಡೆಗಿದೆ. ಆದರೆ ಈ ವಾರ ಬೇಡ. ಕಮಿಟಿಯ ಏಳೆಂಟು ಜನ ಕೂತು ಕೈ ಎತ್ತಿ ಮುಗಿಸುವುದೂ ಬೇಡ. ಯಾಕೆಂದರೆ ಎಡವಟ್ಟಾದರೆ ಪೆಟ್ಟು ಬೀಳುವುದು ಕೈ ಎತ್ತಿದವರಿಗಲ್ಲ.

ಮೂವತ್ತು ವರ್ಷ ಆಡಿದ್ದೇನೆ, ಆಡಿಸಿದ್ದೇನೆ. ಆಟಗಾರರನ್ನು ಆರಿಸುವ ಸಭೆಗಳಲ್ಲಿ ಬೇಕಾದಷ್ಟು ಚಹಾ ಕುಡಿದಿದ್ದೇನೆ. ಆ ಸಭೆಗಳಲ್ಲಿ ಯಾವಾಗಲೂ ಎರಡೇ ಪ್ರಶ್ನೆ. ಹುಡುಗ ಎಷ್ಟು ಚೆನ್ನಾಗಿ ಆಡುತ್ತಾನೆ? ಈಗ ಸರಿಹೋಗಿದ್ದಾನಾ? ಎರಡೂ ಅವನ ಬಗ್ಗೆಯೇ. ನಮ್ಮ ಅಂದಾಜು ತಪ್ಪಾದರೆ ಅದರ ಬೆಲೆ ತೆರುವವರು ಯಾರು ಅಂತ ಯಾರೂ ಕೇಳುವುದಿಲ್ಲ. ಬಹಳ ವರ್ಷ ನಾನೂ ಕೇಳಿರಲಿಲ್ಲ. ಕೇಳದೆ ಒಬ್ಬ ಹುಡುಗನನ್ನು ಕಳೆದುಕೊಂಡೆ. ಆ ಕಥೆ ಸ್ವಲ್ಪ ಆಮೇಲೆ. ನೀವು ಹೆಸರು ಹಿಡಿದು ಕೇಳಿದ ಎರಡು ಪ್ರಕರಣ ಮೊದಲು ನೋಡೋಣ.

ಸ್ಕಾಟ್‌ಲೆಂಡಿನ ಫೈಫ್ ಅನ್ನುವ ಕಡೆ ಕರ್ಕಾಡಿ ಅಂತ ಊರು. ಅಲ್ಲಿನ ಕ್ಲಬ್ ರೇಥ್ ರೋವರ್ಸ್. ದೊಡ್ಡ ಕ್ಲಬ್ಬೇನಲ್ಲ. ಆಗ ಎರಡನೇ ದರ್ಜೆಯ ಲೀಗ್‌ನಲ್ಲಿತ್ತು. ಊರಿನವರೇ ಟಿಕೆಟ್ ತಗೊಂಡು, ಊರಿನವರೇ ದುಡ್ಡು ಹಾಕಿ ನಡೆಸುವಂಥದ್ದು. 2022ರ ಜನವರಿ 31, ಬೇರೆ ಕ್ಲಬ್‌ನ ಆಟಗಾರರನ್ನು ತಗೊಳ್ಳುವ ಟ್ರಾನ್ಸ್‌ಫರ್ ಗಡುವಿನ ಕೊನೇ ದಿನ. ಅವತ್ತು ಅವರು ಕ್ಲೈಡ್ ಕ್ಲಬ್‌ನಿಂದ ಡೇವಿಡ್ ಗುಡ್‌ವಿಲ್ಲಿಯನ್ನು ಸೈನ್ ಮಾಡಿದರು. ಹಿಂದೊಮ್ಮೆ ದೇಶಕ್ಕೆ ಆಡಿದವನು. ಕ್ಲೈಡ್‌ಗೆ ನೂರಕ್ಕೂ ಜಾಸ್ತಿ ಗೋಲು ಹೊಡೆದಿದ್ದವನು.

ಅವನ ಹಿಂದಿನದು ಗುಟ್ಟಾಗಿರಲಿಲ್ಲ. ಅದು 2011ರ ಘಟನೆ. ಒಬ್ಬ ಹೆಣ್ಣುಮಗಳು ಅತ್ಯಾಚಾರದ ದೂರು ಕೊಟ್ಟಿದ್ದರು. ಸಾಕ್ಷ್ಯ ಸಾಲದು ಅಂತ ಸರ್ಕಾರಿ ವಕೀಲರು ಕ್ರಿಮಿನಲ್ ಕೇಸ್ ಕೈಬಿಟ್ಟಿದ್ದರು. ಆ ಹೆಣ್ಣುಮಗಳು ಸುಮ್ಮನಾಗಲಿಲ್ಲ, ಸಿವಿಲ್ ಕೋರ್ಟಿಗೆ ಹೋದರು. ಗುಡ್‌ವಿಲ್ಲಿ ಮತ್ತು ಅವನ ಜೊತೆಯ ಇನ್ನೊಬ್ಬ ಆಟಗಾರ, ಇಬ್ಬರೂ ಆಕೆಯ ಮೇಲೆ ಅತ್ಯಾಚಾರ ಮಾಡಿದ್ದರು ಅಂತ 2017ರಲ್ಲಿ ಜಡ್ಜ್ ತೀರ್ಪು ಕೊಟ್ಟರು. 1 ಲಕ್ಷ ಪೌಂಡ್ ಪರಿಹಾರ ಕೊಡಬೇಕು ಅಂದರು. ಅಪೀಲು ಕೂಡ ಬಿದ್ದುಹೋಯಿತು. ಜೈಲೇ ಆಗಿರಲಿಲ್ಲ ಅಂತ ನೀವು ಬರೆದಿದ್ದೀರಿ, ಸರಿ. ಆದರೆ ಏನೂ ಸಾಬೀತಾಗಿರಲಿಲ್ಲ ಅಂತ ಅದರ ಅರ್ಥ ಅಲ್ಲ. ಸಿವಿಲ್ ಕೋರ್ಟಿನಲ್ಲಿ ತೂಕ ನೋಡುವ ತಕ್ಕಡಿ ಬೇರೆ, ಅಷ್ಟೆ. ಅಲ್ಲಿ ಎರಡು ಕಡೆಯಲ್ಲಿ ಯಾವುದು ಹೆಚ್ಚು ನಿಜ ಅನ್ನಿಸುತ್ತದೋ ಆ ಕಡೆ ತೀರ್ಪು.

ಕ್ಲಬ್‌ಗೆ ಇದೆಲ್ಲ ಗೊತ್ತಿತ್ತು. ಜನ ಕೇಳಿದಾಗ, ಇದು ಮುಖ್ಯವಾಗಿ ಆಟಕ್ಕೆ ಸಂಬಂಧಿಸಿದ ತೀರ್ಮಾನ ಅಂದರು. ಅಷ್ಟು ಹೇಳಿದ್ದೇ ತಡ, ಊರು ಹೊತ್ತಿಕೊಂಡಿತು. ಪತ್ತೇದಾರಿ ಕಾದಂಬರಿಗಳ ಲೇಖಕಿ ವ್ಯಾಲ್ ಮೆಕ್‌ಡರ್ಮಿಡ್ ಆ ಕ್ಲಬ್‌ನ ಹುಟ್ಟಾ ಅಭಿಮಾನಿ. ಅವರ ಅಪ್ಪ ಇದೇ ಕ್ಲಬ್‌ಗೆ ಹುಡುಗರನ್ನು ಹುಡುಕಿ ತರುತ್ತಿದ್ದವರು. ಜೆರ್ಸಿಯ ಮೇಲೆ ವ್ಯಾಲ್ ಅವರ ಹೆಸರೇ ಇತ್ತು. ಅವರು ಪ್ರಾಯೋಜಕತ್ವ ವಾಪಸ್ ತಗೊಂಡರು. ನಿರ್ದೇಶಕರು ರಾಜೀನಾಮೆ ಕೊಟ್ಟರು. ಬ್ರಿಟನ್ನಿನ ಮಾಜಿ ಪ್ರಧಾನಿ ಗಾರ್ಡನ್ ಬ್ರೌನ್ ಅದೇ ಊರಲ್ಲಿ ಬೆಳೆದವರು, ಅವರೂ ಮಾತಾಡಿದರು. ಫೆಬ್ರವರಿ 3ಕ್ಕೆ, ಅಂದರೆ ಮೂರೇ ದಿನಕ್ಕೆ, ತಪ್ಪು ಮಾಡಿದೆವು, ಅವನನ್ನು ಆಡಿಸುವುದಿಲ್ಲ ಅಂತ ಕ್ಲಬ್ ಹೇಳಿತು.

ಈ ಗದ್ದಲದಲ್ಲಿ ದೊಡ್ಡವರ ಹೆಸರೇ ಜಾಸ್ತಿ ಕೇಳಿಸಿತು. ನಾನು ಮಾತ್ರ ಯೋಚಿಸುವುದು ಮಹಿಳಾ ತಂಡದ ಕ್ಯಾಪ್ಟನ್ ಬಗ್ಗೆ. ಹತ್ತು ವರ್ಷ ಆ ಬಣ್ಣ ಹಾಕಿಕೊಂಡು ಆಡಿದ ಹುಡುಗಿ. ಸುದ್ದಿ ಬಂದ ಕೂಡಲೇ ತಂಡ ಬಿಟ್ಟಳು. ಆಮೇಲೆ ಇಡೀ ಮಹಿಳಾ ತಂಡವೇ ಕ್ಲಬ್ ಬಿಟ್ಟು ಹೊರಬಂತು. ಮೆಕ್‌ಡರ್ಮಿಡ್ ಲೇಡೀಸ್ ಅಂತ ಹೊಸ ಹೆಸರು ಇಟ್ಟುಕೊಂಡಿತು. ಒಬ್ಬ ಸ್ಟ್ರೈಕರ್‌ಗಾಗಿ ಒಂದು ಇಡೀ ತಂಡ ಹೋಯಿತು. ಆ ಸ್ಟ್ರೈಕರ್ ಕೂಡ ಆಡಲಿಲ್ಲ. ಕ್ಯಾಪ್ಟನ್ ಏನು ಹೇಳುತ್ತಾಳೆ ಅಂತ ಸೈನ್ ಮಾಡುವ ಮೊದಲೇ ತಿಳಿದುಕೊಂಡು, ಅದಕ್ಕೆ ಬೆಲೆ ಕೊಟ್ಟಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಇಲ್ಲಿ ನಿಮ್ಮ ಕಮಿಟಿಯ ಯಾರಾದರೂ ಒಂದು ಮಾತು ಎತ್ತಬಹುದು. ಅದೇ ಗುಡ್‌ವಿಲ್ಲಿ 2017ರಿಂದ ಕ್ಲೈಡ್‌ನಲ್ಲಿ ಆಡಿದನಲ್ಲ, ಆಗ ಯಾರೂ ಇಷ್ಟು ಕೂಗಲಿಲ್ಲವಲ್ಲ? ನಿಜ. ಅಲ್ಲಿ ಅವನು ಕ್ಯಾಪ್ಟನ್ ಕೂಡ ಆಗಿದ್ದ. ಆದರೆ ಅದೇ 2022ರ ಮಾರ್ಚ್‌ನಲ್ಲಿ ರೇಥ್‌ನವರು ಅವನನ್ನು ಸಾಲದ ಮೇಲೆ, ಅಂದರೆ ಸ್ವಲ್ಪ ಕಾಲ ಆಡಿಬರಲಿ ಅಂತ, ಕ್ಲೈಡ್‌ಗೆ ವಾಪಸ್ ಕಳಿಸಿದರು ನೋಡಿ, ಆಗ ಅಲ್ಲಿನ ಮಹಿಳಾ ತಂಡದವರೂ ಹೊರಟುಬಿಟ್ಟರು. ಮೈದಾನ ಅಲ್ಲಿನ ಕೌನ್ಸಿಲ್‌ದು. ಅವನು ಒಳಗೆ ಕಾಲಿಡುವ ಹಾಗಿಲ್ಲ ಅಂತ ಕೌನ್ಸಿಲ್ ಹೇಳಿತು. ಆ ಸಾಲದ ಒಪ್ಪಂದವೂ ಮುರಿಯಿತು. ಐದು ವರ್ಷ ಯಾರೂ ಕೂಗಲಿಲ್ಲ ಅಂದರೆ ಎಲ್ಲರೂ ಒಪ್ಪಿದ್ದರು ಅಂತಲ್ಲ. ಅವರನ್ನು ಕೇಳಿದವರು ಇರಲಿಲ್ಲ, ಅಷ್ಟೆ.

ಈಗ ಮೈಕೆಲ್ ವಿಕ್. ಅಮೆರಿಕದವರು ಫುಟ್‌ಬಾಲ್ ಅನ್ನುವುದು ಬೇರೆ ಆಟ, ಕಾಲಿಗಿಂತ ಕೈಯಲ್ಲೇ ಜಾಸ್ತಿ ಆಡುತ್ತಾರೆ. ಆದರೆ ಪ್ರಶ್ನೆ ನಮ್ಮದೇ. ವಿಕ್ 2001ರಲ್ಲಿ ಇಡೀ ದೇಶದ ಹೊಸ ಆಟಗಾರರಲ್ಲಿ ಮೊದಲನೆಯವನಾಗಿ ಆಯ್ಕೆಯಾದ. ಕ್ವಾರ್ಟರ್‌ಬ್ಯಾಕ್. ಅಂದರೆ ತಂಡದ ಆಟ ಶುರುವಾಗುವುದೇ ಅವನ ಕೈಯಿಂದ. ಅಟ್ಲಾಂಟಾ ತಂಡ 2004ರಲ್ಲಿ ಅವನಿಗೆ ಹತ್ತು ವರ್ಷಕ್ಕೆ 13 ಕೋಟಿ ಡಾಲರ್ ಒಪ್ಪಂದ ಬರೆದುಕೊಟ್ಟಿತ್ತು. 2007ರ ಏಪ್ರಿಲ್‌ನಲ್ಲಿ ವರ್ಜೀನಿಯಾದ ಅವನ ಜಮೀನಿನ ಮೇಲೆ ಪೊಲೀಸರು ದಾಳಿ ಮಾಡಿದರು. ಅಲ್ಲಿ ಸಿಕ್ಕಿದ್ದು ಸುಮಾರು ಐವತ್ತು ನಾಯಿಗಳು. ಕಾಳಗಕ್ಕೆ ಬಿಡಲು ಸಾಕಿದ್ದವು. ಚೆನ್ನಾಗಿ ಕಾದಾಡದ ನಾಯಿಗಳನ್ನು ನೇಣು ಹಾಕಿ, ನೀರಲ್ಲಿ ಮುಳುಗಿಸಿ ಕೊಂದಿದ್ದರು. ಮೊದಲು ಅವನು ಸುಳ್ಳು ಹೇಳಿದ. ಆಗಸ್ಟ್‌ನಲ್ಲಿ ತಪ್ಪೊಪ್ಪಿಕೊಂಡ. 23 ತಿಂಗಳ ಶಿಕ್ಷೆಯಾಯಿತು. ಮಧ್ಯೆ ದಿವಾಳಿಯೂ ಆದ. ನಾಯಿಗಳ ಆರೈಕೆಗೆ ಅಂತ ಸುಮಾರು 9 ಲಕ್ಷ 28 ಸಾವಿರ ಡಾಲರ್ ಕಟ್ಟಬೇಕಾಯಿತು.

2009ರ ಆಗಸ್ಟ್ 13ರಂದು ಫಿಲಡೆಲ್ಫಿಯಾ ಈಗಲ್ಸ್ ಅವನನ್ನು ತಗೊಂಡಿತು. ಹೇಗೆ ತಗೊಂಡಿತು ಅನ್ನುವುದನ್ನು ನೋಡಿ. ಒಪ್ಪಂದ ಒಂದೇ ವರ್ಷಕ್ಕೆ, 16 ಲಕ್ಷ ಡಾಲರ್. ಎರಡನೇ ವರ್ಷ ಇಟ್ಟುಕೊಳ್ಳುವುದು ಬಿಡುವುದು ಕ್ಲಬ್‌ನ ಇಷ್ಟ. 13 ಕೋಟಿ ಎಲ್ಲಿ, 16 ಲಕ್ಷ ಎಲ್ಲಿ! ಅವನಿಗೆ ಹಿರಿಯರೊಬ್ಬರು ಗಂಟುಬಿದ್ದಿದ್ದರು. ಟೋನಿ ಡಂಜಿ ಅಂತ, ಹೆಸರಾಂತ ಕೋಚ್. ಜೈಲಿಗೇ ಹೋಗಿ ಅವನನ್ನು ಕಂಡು ಮಾತಾಡಿಸಿದವರು. ಈಗಲ್ಸ್‌ನ ಕೋಚ್ ಆಂಡಿ ರೀಡ್ ಅವರ ಇಬ್ಬರು ಗಂಡುಮಕ್ಕಳೂ ಡ್ರಗ್ಸ್ ಸಹವಾಸದಿಂದ 2007ರಲ್ಲಿ ಜೈಲು ಕಂಡಿದ್ದರು. ಜೈಲಿಂದ ಬಂದವನು ಮನೆಯಲ್ಲಿ ಹೇಗೆ ಇರುತ್ತಾನೆ ಅನ್ನುವುದು ಅವರಿಗೆ ಓದಿ ತಿಳಿದದ್ದಲ್ಲ. ತಂಡದ ಮೊದಲ ಕ್ವಾರ್ಟರ್‌ಬ್ಯಾಕ್ ಡೊನೊವನ್ ಮೆಕ್‌ನಾಬ್, ಅಂದರೆ ವಿಕ್ ಬಂದರೆ ತನ್ನ ಜಾಗಕ್ಕೇ ಕುತ್ತು ಬರಬಹುದಾದವನು, ಅವನೇ ತಗೊಳ್ಳಿ ಅಂದಿದ್ದ. ಮಾಲೀಕ ಜೆಫ್ರಿ ಲೂರಿ ಎಲ್ಲರ ಮುಂದೆ ಬಂದು, ಈ ತೀರ್ಮಾನ ನನಗೆ ಎಷ್ಟು ಕಷ್ಟವಾಯಿತು ಅಂತ ಹೇಳಿಕೊಂಡರು. ಇದು ಬರೀ ಆಟದ ತೀರ್ಮಾನ ಅಂತ ಜಾರಿಕೊಳ್ಳಲಿಲ್ಲ. ಪ್ರಾಣಿ ದಯೆಯ ಸಂಸ್ಥೆಗಳಿಗೆ ಕ್ಲಬ್ ದುಡ್ಡು ಕೊಟ್ಟಿತು. ವಿಕ್ ಕೂಡ ಪ್ರಾಣಿ ದಯಾ ಸಂಸ್ಥೆಯ ಜೊತೆ ಊರೂರು ತಿರುಗಿ, ನಾನು ಮಾಡಿದ್ದು ಇದು ಅಂತ ಮಕ್ಕಳ ಮುಂದೆ ಹೇಳಿದ.

ಅಷ್ಟಾದರೂ ಕ್ಲಬ್ ಗೇಟಿನ ಮುಂದೆ ಪ್ರತಿಭಟನೆ ನಡೆಯಿತು. ಎಲ್ಲರೂ ಕ್ಷಮಿಸಲಿಲ್ಲ. ಇವತ್ತಿಗೂ ಕ್ಷಮಿಸದವರಿದ್ದಾರೆ. ಅದು ಅವರ ಹಕ್ಕು, ಅಲ್ವಾ? ಮೊದಲ ವರ್ಷ ವಿಕ್ ಹೆಚ್ಚಾಗಿ ಬೆಂಚ್ ಮೇಲೇ ಕೂತಿದ್ದ. 2010ರಲ್ಲಿ ಮೆಕ್‌ನಾಬ್ ವಾಷಿಂಗ್‌ಟನ್‌ಗೆ ಹೋದ, ಅವನ ಜಾಗಕ್ಕೆ ಬಂದವನು ಮೊದಲ ಪಂದ್ಯದಲ್ಲೇ ಗಾಯಗೊಂಡ. ಹಾಗೆ ವಿಕ್‌ಗೆ ಬಾಗಿಲು ತೆರೆಯಿತು. ನವೆಂಬರ್‌ನಲ್ಲಿ ಅದೇ ವಾಷಿಂಗ್‌ಟನ್ ಮೇಲೆ 59-28 ಅಂಕಗಳ ಗೆಲುವು. ಆ ವರ್ಷ ತಂಡ ತನ್ನ ಗುಂಪಿನಲ್ಲಿ ಮೊದಲ ಸ್ಥಾನ ಪಡೆಯಿತು.

ಇದನ್ನು ಹೇಳಿ, ನೋಡಿ ಎಷ್ಟು ಒಳ್ಳೆಯ ಕಥೆ ಅಂತ ಮುಗಿಸುವವರು ತುಂಬ ಜನ. ನನಗೆ ಅದು ಪೂರ್ತಿ ಹಿಡಿಸುವುದಿಲ್ಲ. ಎರಡನೇ ಅವಕಾಶ ಅಂತ ಎಲ್ಲರೂ ದೊಡ್ಡದಾಗಿ ಮಾತಾಡುತ್ತೇವೆ. ಅದು ಸಿಗುವುದು ಯಾರಿಗೆ? ನಿಮ್ಮ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವನು ಯಾರದೋ ದವಡೆ ಮುರಿದಿದ್ದರೆ, ಅವನನ್ನು ವಾಪಸ್ ಕರೆಯಲು ಕಮಿಟಿ ಮೀಟಿಂಗ್ ಕರೆಯುತ್ತಿದ್ದಿರಾ? ಮೂರನೇ ಗೋಲ್‌ಕೀಪರ್ ಮುರಿದಿದ್ದರೆ? ಅವನು ಗೋಲು ಹೊಡೆಯುತ್ತಾನೆ ಅನ್ನುವ ಕಾರಣಕ್ಕೇ ನಮ್ಮ ದಯೆ ಉಕ್ಕುತ್ತದೆ. ಹಾಗಂತ ಆ ದಯೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದರಲ್ಲಿ ನಮ್ಮ ಆಸೆ ಎಷ್ಟು ಬೆರೆತಿದೆ ಅಂತ ನಮಗೆ ಗೊತ್ತಿರಲಿ.

ಇನ್ನೊಂದು ಉದಾಹರಣೆ ಬೇಗ ಹೇಳಿ ಮುಗಿಸುತ್ತೇನೆ. ಅದೇ ಅಮೆರಿಕದಲ್ಲಿ ಡಲ್ಲಾಸ್ ಕೌಬಾಯ್ಸ್ 2015ರಲ್ಲಿ ಗ್ರೆಗ್ ಹಾರ್ಡಿಯನ್ನು ತಗೊಂಡಿತು. ಗೆಳತಿಗೆ ಹೊಡೆದ ಕೇಸಿನಲ್ಲಿ ಜಡ್ಜ್ ಅವನನ್ನು ತಪ್ಪಿತಸ್ಥ ಅಂದಿದ್ದರು. ಅಪೀಲಿನ ಹೊತ್ತಿಗೆ ಆಕೆ ಸಾಕ್ಷಿ ಹೇಳಲು ಬರಲಿಲ್ಲ, ಕೇಸ್ ಬಿದ್ದುಹೋಯಿತು. ಅಲ್ಲೂ ಒಂದೇ ವರ್ಷದ ಒಪ್ಪಂದ. ಕಾಗದದ ಮೇಲೆ ಎಲ್ಲ ಜಾಣತನ ಇತ್ತು. ಆದರೆ ಅವನ ಬಾಯಿಂದ ನಾನು ಮಾಡಿದೆ ಅನ್ನುವ ಮಾತೇ ಬರಲಿಲ್ಲ. ಪಂದ್ಯದ ಮಧ್ಯೆ ತನ್ನದೇ ತಂಡದ ಕೋಚ್ ಮೇಲೆ ಕೂಗಾಡಿದ. ಆಮೇಲೂ ಮಾಲೀಕರು ಅವನನ್ನು ನಾಯಕ ಅಂತ ಹೊಗಳಿದರು. ನವೆಂಬರ್‌ನಲ್ಲಿ ಆ ಹೆಣ್ಣುಮಗಳ ಮೈಮೇಲಿನ ಗಾಯದ ಫೋಟೊಗಳು ಹೊರಬಂದವು. ಆ ವರ್ಷ ತಂಡ 16 ಪಂದ್ಯದಲ್ಲಿ ಗೆದ್ದಿದ್ದು 4. ಮುಂದಿನ ವರ್ಷಕ್ಕೆ ಅವನನ್ನು ಇಟ್ಟುಕೊಳ್ಳಲಿಲ್ಲ.

ಈಗ ನನ್ನ ಕಥೆ. ಇಪ್ಪತ್ತು ವರ್ಷದ ಹಿಂದಿನದು. ಬೆಂಗಳೂರಿನ ಒಂದು ಕ್ಲಬ್‌ಗೆ ಕೋಚ್ ಆಗಿದ್ದೆ. ನಮಗೊಬ್ಬ ಸೆಂಟರ್ ಬ್ಯಾಕ್, ಅಂದರೆ ಗೋಲಿನ ಮುಂದೆ ನಡುವೆ ನಿಂತು ತಡೆಯುವವನು, ಬೇಕಿತ್ತು. ಸಿಕ್ಕವನು ಗೋಡೆ ಇದ್ದ ಹಾಗಿದ್ದ. ಹಿಂದಿನ ಕ್ಲಬ್‌ನಲ್ಲಿ ಒಂದು ರಾತ್ರಿ ಕುಡಿದು ಬಂದು, ರೂಮಿನಲ್ಲಿ ಮಲಗಿದ್ದ ಜೂನಿಯರ್ ಹುಡುಗನಿಗೆ ಬಡಿದಿದ್ದ. ಅದಕ್ಕೇ ಅಲ್ಲಿಂದ ತೆಗೆದಿದ್ದರು. ನಾನೇ ಮುಂದೆ ನಿಂತು ಅವನನ್ನು ಕರೆತಂದೆ. ಕುಡಿತ ಬಿಡಬೇಕು ಅಂದೆ, ಬಿಟ್ಟ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದ. ಇಡೀ ಸೀಸನ್‌ನಲ್ಲಿ ಒಂದೇ ಒಂದು ಹಳದಿ ಕಾರ್ಡ್. ಒಬ್ಬನನ್ನು ದಾರಿಗೆ ತಂದೆ ಅಂತ ಎಲ್ಲರ ಮುಂದೆ ಎದೆ ತಟ್ಟಿಕೊಳ್ಳುತ್ತಿದ್ದೆ.

ಅದೇ ತಂಡದಲ್ಲಿ 17 ವರ್ಷದ ಲೆಫ್ಟ್ ಬ್ಯಾಕ್ ಇದ್ದ. ಎಂಥ ಎಡಗಾಲು ಅಂತೀರಿ! ಎರಡು ತಿಂಗಳಾದ ಮೇಲೆ ಪ್ರಾಕ್ಟೀಸ್‌ಗೆ ತಡವಾಗಿ ಬರತೊಡಗಿದ. ಮಂಡಿ ನೋವು ಅಂದ. ಆಮೇಲೆ ಪಿಯುಸಿ ಪರೀಕ್ಷೆ ಅಂದ. ಆಮೇಲೆ ಬರಲೇ ಇಲ್ಲ. ಈಗಿನ ಹುಡುಗರಿಗೆ ಶ್ರದ್ಧೆ ಇಲ್ಲ ಅಂತ ನಾನೂ ಕೈಬಿಟ್ಟೆ. ಒಂದು ವರ್ಷ ಕಳೆದು ಮಾರ್ಕೆಟ್‌ನಲ್ಲಿ ಅವನ ತಾಯಿ ಸಿಕ್ಕರು. ಹುಡುಗ ಹೇಗಿದ್ದಾನೆ ಅಂತ ಕೇಳಿದೆ. ಆಕೆ ಚೀಲ ಕೆಳಗಿಟ್ಟರು. ರೂಮಿನಲ್ಲಿ ಪೆಟ್ಟು ತಿಂದ ಆ ಜೂನಿಯರ್ ಹುಡುಗ ಬೇರೆ ಯಾರೂ ಅಲ್ಲ, ಇವನ ದೊಡ್ಡಮ್ಮನ ಮಗ. ಒಂದು ಕಿವಿ ಆಮೇಲೆ ಸರಿಯಾಗಿ ಕೇಳಿಸಲೇ ಇಲ್ಲವಂತೆ. "ನೀವು ಅವನ ಹೆಗಲ ಮೇಲೆ ಕೈ ಹಾಕ್ಕೊಂಡು ನಿಂತಿರ್ತಿದ್ರಿ ಸರ್. ನಮ್ಮ ಹುಡುಗ ನಿಮ್ಮ ಹತ್ರ ಬಂದು ಏನಂತ ಹೇಳ್ತಾನೆ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತೂ ಇಲ್ಲ. ಸೆಂಟರ್ ಬ್ಯಾಕ್ ನಿಜವಾಗಿಯೂ ಬದಲಾಗಿದ್ದ, ಅದರಲ್ಲಿ ನನಗೆ ಅನುಮಾನ ಇಲ್ಲ. ಅವನನ್ನು ಕರೆತಂದದ್ದು ತಪ್ಪು ಅಂತಲೂ ಅನ್ನಿಸುವುದಿಲ್ಲ. ತರುವ ಮೊದಲು ನನ್ನ ಹುಡುಗರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಕೇಳಲಿಲ್ಲ. ತಪ್ಪು ಅದು. ಎಲ್ಲರ ಮುಂದೆ, ಯಾರಿಗಾದರೂ ತೊಂದರೆ ಇದೆಯಾ ಅಂತ ಕೇಳಿದ್ದೆ. 17ರ ಹುಡುಗ ಇಪ್ಪತ್ತು ಜನರ ಮುಂದೆ ಕೈ ಎತ್ತುತ್ತಾನಾ? ಮಂಡಿ ನೋವು ಅಂತಾನೆ.

ತೊಂದರೆಯ ಹಿನ್ನೆಲೆ ಅಂತ ಎಲ್ಲವನ್ನೂ ಒಂದೇ ಮೂಟೆಗೆ ಕಟ್ಟುವುದು ಇನ್ನೊಂದು ಎಡವಟ್ಟು. ಉರುಗ್ವೆಯ ಸ್ಟ್ರೈಕರ್ ಲೂಯಿಸ್ ಸ್ವಾರೆಸ್ ಗೊತ್ತಲ್ಲ, ಕಚ್ಚುವ ಸ್ವಾರೆಸ್. 2010ರಲ್ಲಿ ಒಬ್ಬ ಎದುರಾಳಿಗೆ ಕಚ್ಚಿದ, 2013ರಲ್ಲಿ ಇವಾನೊವಿಚ್‌ಗೆ, 2014ರ ವಿಶ್ವಕಪ್‌ನಲ್ಲಿ ಕಿಯೆಲ್ಲಿನಿಗೆ. ನಾಲ್ಕು ತಿಂಗಳು ಬ್ಯಾನ್ ಬಿದ್ದ ಮೇಲೂ ಅದೇ ಜುಲೈನಲ್ಲಿ ಬಾರ್ಸಿಲೋನಾ ಅವನನ್ನು ಕೊಂಡಿತು. ಅಕ್ಟೋಬರ್ ಕೊನೆಯವರೆಗೆ ಆಡಿಸುವ ಹಾಗಿರಲಿಲ್ಲ. ಆ ವರ್ಷವೇ ಮೂರು ದೊಡ್ಡ ಕಪ್ ಬಂತು. ಆ ಕ್ಲಬ್‌ನಲ್ಲಿದ್ದಷ್ಟು ವರ್ಷ ಒಟ್ಟು 198 ಗೋಲು ಹೊಡೆದ. ಇಲ್ಲಿ ಬಾರ್ಸಿಲೋನಾದ ಲೆಕ್ಕ ನನಗೆ ಅರ್ಥವಾಗುತ್ತದೆ. ಮತ್ತೆ ಕಚ್ಚಿದರೆ ಬ್ಯಾನ್ ಆಗುವುದು ಅವನಿಗೆ, ಪಂದ್ಯ ಸೋಲುವುದು ಕ್ಲಬ್. ಬೆಲೆಯ ಬಹುಪಾಲು ತೆರುವವರು ತೀರ್ಮಾನ ಮಾಡಿದವರೇ.

ಆದರೆ ಅದೇ ಸ್ವಾರೆಸ್‌ನ ಇನ್ನೊಂದು ಪ್ರಕರಣ ನೋಡಿ. 2011ರಲ್ಲಿ ಲಿವರ್‌ಪೂಲ್‌ಗೆ ಆಡುವಾಗ ಎದುರು ತಂಡದ ಪ್ಯಾಟ್ರಿಸ್ ಎವ್ರಾನ ಚರ್ಮದ ಬಣ್ಣ ಹಿಡಿದು ಮಾತಾಡಿದ್ದಕ್ಕೆ 8 ಪಂದ್ಯ ಬ್ಯಾನ್, 40 ಸಾವಿರ ಪೌಂಡ್ ದಂಡ. ಮಾರನೇ ದಿನವೇ ಲಿವರ್‌ಪೂಲ್ ಆಟಗಾರರೆಲ್ಲ ಸ್ವಾರೆಸ್‌ನ ಚಿತ್ರ ಇರುವ ಟೀ ಶರ್ಟ್ ಹಾಕಿಕೊಂಡು ವಿಗನ್ ಮೈದಾನಕ್ಕೆ ಇಳಿದರು. ನಮ್ಮವನನ್ನು ಬಿಟ್ಟುಕೊಡಬಾರದು ಅನ್ನುವ ಹುಮ್ಮಸ್ಸು. ಆ ಟೀ ಶರ್ಟ್ ನೋಡಿದ ಎವ್ರಾಗೆ ಹೇಗಾಗಿರಬಹುದು ಅಂತ ಆವತ್ತು ಯಾರೂ ಯೋಚಿಸಲಿಲ್ಲ. ಆ ತಂಡದ ಜೇಮೀ ಕ್ಯಾರಗರ್ ಎವ್ರಾನ ಎದುರು ಕೂತು ಕ್ಷಮೆ ಕೇಳಿದ್ದು 2019ರಲ್ಲಿ. ಎಂಟು ವರ್ಷ ಬೇಕಾಯಿತು. ಒಬ್ಬನೇ ಆಟಗಾರ, ಎರಡು ಬಗೆಯ ತಪ್ಪು. ಎರಡಕ್ಕೂ ಒಂದೇ ಅಳತೆಗೋಲು ಇಡಲು ಆಗುವುದಿಲ್ಲ.

ಇನ್ನು ಕುಡಿತ, ಜೂಜು, ಡ್ರಗ್ಸ್. ಇವು ಬಹಳ ಮಟ್ಟಿಗೆ ಕಾಯಿಲೆಗಳು. ಇಂಗ್ಲೆಂಡಿನ ಆರ್ಸೆನಲ್ ಕ್ಲಬ್‌ನ ಕ್ಯಾಪ್ಟನ್ ಟೋನಿ ಆಡಮ್ಸ್ 1990ರಲ್ಲಿ ಕುಡಿದು ಕಾರು ಗುದ್ದಿಸಿ ಜೈಲಿಗೆ ಹೋದ. ಎರಡು ತಿಂಗಳು ಇದ್ದು ಬಂದ. ಸರಿಹೋದನಾ? ಇಲ್ಲ. ಮತ್ತೆ ಆರು ವರ್ಷ ಕುಡಿದ. 1996ರಲ್ಲಿ ತಾನಾಗಿಯೇ ತಂಡದವರನ್ನು ಕೂರಿಸಿಕೊಂಡು, ನಾನು ಕುಡುಕ, ನನಗೆ ಇದು ಕಾಯಿಲೆ ಅಂತ ಹೇಳಿದ ಮೇಲೆ ದಾರಿ ಬದಲಾಯಿತು. 1998ರಲ್ಲೂ 2002ರಲ್ಲೂ ಅವನ ತಂಡ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದಿತು. 2000ದಲ್ಲಿ ತನ್ನಂಥ ಆಟಗಾರರಿಗಾಗಿಯೇ ಒಂದು ಚಿಕಿತ್ಸಾ ಕೇಂದ್ರ ಶುರುಮಾಡಿದ. ಇಂಥವರನ್ನು ತಗೊಳ್ಳುವ ಕ್ಲಬ್‌ಗೆ ನಾನು ಕೇಳುವುದು ಒಂದೇ ಮಾತು. ಅವನನ್ನು ನೋಡಿಕೊಳ್ಳಲು ನಿಮ್ಮಲ್ಲಿ ಯಾರಿದ್ದಾರೆ? ಗೆದ್ದ ದಿನ ಬಾಟಲಿ ತೆಗೆಯುವ ಕ್ಲಬ್ ಆದರೆ ದಯವಿಟ್ಟು ಅವನನ್ನು ತರಬೇಡಿ.

ಸುಳ್ಳು ಆಪಾದನೆ ಆದರೆ ಏನು ಮಾಡುವುದು ಅಂತ ನಿಮ್ಮಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಬೇಕು ಕೂಡ. ವೇಲ್ಸ್‌ನ ಫುಟ್‌ಬಾಲ್ ಆಟಗಾರ ಚೆಡ್ ಇವಾನ್ಸ್‌ಗೆ 2012ರಲ್ಲಿ ಅತ್ಯಾಚಾರದ ಕೇಸಿನಲ್ಲಿ ಐದು ವರ್ಷ ಶಿಕ್ಷೆಯಾಗಿತ್ತು. ಅರ್ಧ ಶಿಕ್ಷೆ ಮುಗಿಸಿ ಬಂದಾಗ, 2014ರಲ್ಲಿ, ಅವನ ಹಳೇ ಕ್ಲಬ್ ಶೆಫೀಲ್ಡ್ ಯುನೈಟೆಡ್ ಪ್ರಾಕ್ಟೀಸ್‌ಗೆ ಕರೆದು, ಜನ ವಿರೋಧಿಸಿದ ಮೇಲೆ ಬೇಡ ಅಂದಿತು. 2016ರಲ್ಲಿ ಆ ಶಿಕ್ಷೆ ರದ್ದಾಯಿತು. ಮರುವಿಚಾರಣೆಯಲ್ಲಿ ಜ್ಯೂರಿ ಅವನನ್ನು ನಿರ್ದೋಷಿ ಅಂತ ಬಿಟ್ಟಿತು. ಹಾಗಾಗಿ ಊರ ಬಾಯಿ ಕೇಳಿಕೊಂಡು ಒಬ್ಬನ ಬದುಕು ಮುಚ್ಚಬೇಡಿ. ಆದರೆ ನಿಮ್ಮ ಹುಡುಗನ ವಿಷಯದಲ್ಲಿ ಈ ಗೊಂದಲ ಇಲ್ಲ. ಅವನು ಹೊಡೆದಿದ್ದನ್ನು ಎಲ್ಲರೂ ನೋಡಿದ್ದಾರೆ. ರಾಜಿಯಾಯಿತು ಅಂದಿರಿ. ನಮ್ಮ ಕಡೆ ರಾಜಿ ಅಂದರೆ ಏನು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಆಸ್ಪತ್ರೆ ಖರ್ಚು ಕೊಟ್ಟರಾ? ಹುಡುಗನ ಅಪ್ಪ ಮನಸ್ಸಿನಿಂದ ಒಪ್ಪಿದರಾ, ಅಥವಾ ದೊಡ್ಡವರು ನಾಲ್ಕು ಜನ ಮನೆಗೆ ಬಂದು ಕೂತರು ಅಂತ ಒಪ್ಪಿದರಾ? ಅದನ್ನು ತಿಳಿದುಕೊಳ್ಳಿ.

ಇನ್ನು ಮಾಡಬೇಕಾದ್ದು. ಮೊದಲು ಸ್ಟ್ರೈಕರ್‌ನನ್ನು ಕರೆದು ಒಬ್ಬರೋ ಇಬ್ಬರೋ ಕೂತು ಮಾತಾಡಿ. ಉಪದೇಶ ಬೇಡ. ಆವತ್ತು ಏನಾಯಿತು ಅಂತ ಕೇಳಿ ಸುಮ್ನೆ ಕೂತಿರಿ. ಅವನು ಯಾವ ಕ್ರಿಯಾಪದ ಬಳಸುತ್ತಾನೆ ಅಂತ ಕಿವಿಗೊಟ್ಟು ಕೇಳಿ. ತಮಾಷೆ ಮಾಡುತ್ತಿಲ್ಲ. "ಸ್ವಲ್ಪ ಗಲಾಟೆ ಆಯ್ತು ಸರ್, ಏಟು ಬಿತ್ತು" ಅಂದರೆ ಅಲ್ಲಿ ಹೊಡೆದವನೇ ಇಲ್ಲ. ಮಳೆ ಬಿದ್ದ ಹಾಗೆ ಏಟೂ ಬಿತ್ತು. "ಕೋಪದಲ್ಲಿ ಹೊಡೆದುಬಿಟ್ಟೆ" ಅಂದರೆ ಅರ್ಧ ದಾರಿ ಬಂದಿದ್ದಾನೆ. "ನಾನು ಹೊಡೆದೆ, ಅವನ ದವಡೆ ಮುರೀತು" ಅಂದರೆ ಮುಂದೆ ಮಾತಾಡಬಹುದು. ಆ ಹುಡುಗನ ಹೆಸರು ಹೇಳುತ್ತಾನಾ, ಇಲ್ಲ "ಅವನ್ಯಾರೋ" ಅಂತಾನಾ, ಅದನ್ನೂ ಗಮನಿಸಿ. ಮೂವತ್ತು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಸಿಕ್ಕಿಲ್ಲ.

ಆಮೇಲೆ ನಿಮ್ಮ ಆಟಗಾರರು. ಒಬ್ಬೊಬ್ಬರನ್ನೇ, ಬೇರೆ ಬೇರೆ ದಿನ ಮಾತಾಡಿಸಿ. ಅಂಡರ್-15 ಹುಡುಗರ ಅಪ್ಪ ಅಮ್ಮಂದಿರನ್ನು ಬಿಡಬೇಡಿ. ಹುಡುಗಿಯರ ತಂಡವನ್ನು ಮಾತಾಡಿಸಲು ಒಬ್ಬ ಹೆಣ್ಣುಮಗಳನ್ನು ಕಳಿಸಿ, ಅಧ್ಯಕ್ಷರು ಹೋಗುವುದು ಬೇಡ. ಯಾರಾದರೂ ಬೇಡ ಅಂದರೆ ಕಾರಣ ಕೇಳಿ, ಒಪ್ಪಿಸಲು ಹೋಗಬೇಡಿ. ಎಲ್ಲರೂ ಒಪ್ಪಲೇಬೇಕು ಅಂತ ನಾನು ಹೇಳುವುದಿಲ್ಲ. ಹಾಗೆ ಕಾದರೆ ಯಾರನ್ನೂ ತಗೊಳ್ಳಲು ಆಗುವುದಿಲ್ಲ. ಆದರೆ ಯಾರ ಮಾತನ್ನು ಮೀರಿ ಹೋಗುತ್ತಿದ್ದೀರಿ ಅನ್ನುವುದು ನಿಮಗೆ ತಿಳಿದಿರಬೇಕು. ಅವರ ಮುಖ ನೋಡಿ, ಕೇಳಿದೆವು, ಆದರೂ ಹೀಗೆ ತೀರ್ಮಾನ ಮಾಡಿದೆವು ಅಂತ ಹೇಳುವ ಧೈರ್ಯ ಬೇಕು.

ತಗೊಂಡರೆ ಒಂದೇ ಸೀಸನ್‌ಗೆ ತಗೊಳ್ಳಿ. ಕೈ ಎತ್ತಿದರೆ ಅವತ್ತೇ ಹೊರಗೆ ಅಂತ ಬರೆದು ಸಹಿ ಹಾಕಿಸಿ. ಯಾರ ಮೇಲೆ ಎತ್ತಿದ, ಪಂದ್ಯ ಎಷ್ಟು ಮುಖ್ಯದ್ದು ಅನ್ನುವ ಮಾತೇ ಬೇಡ. ಫೈನಲ್ ಹಿಂದಿನ ದಿನ ಆದರೂ ಅಷ್ಟೇ. ಇದನ್ನು ಪಾಲಿಸುವ ಗಟ್ಟಿತನ ಕಮಿಟಿಗೆ ಇಲ್ಲ ಅನ್ನಿಸಿದರೆ ಬರೆಯುವುದೇ ಬೇಡ, ಅವನನ್ನೂ ತಗೊಳ್ಳಬೇಡಿ. ಚಿಕ್ಕ ಹುಡುಗರಿಗೆ ಕೋಚಿಂಗ್ ಮಾಡಲು ಮೊದಲ ವರ್ಷ ಬಿಡಬೇಡಿ. ಕ್ಯಾಪ್ಟನ್ ಪಟ್ಟಿ ಕೊಡಬೇಡಿ. ಪೋಸ್ಟರ್‌ನಲ್ಲಿ ಅವನ ಫೋಟೊ ದೊಡ್ಡದಾಗಿ ಹಾಕಬೇಡಿ. ಆಡಲಿ, ಪ್ರಾಕ್ಟೀಸ್‌ಗೆ ಬರಲಿ, ಬಲೆ ಕಟ್ಟಲಿ, ಬಾಲು ಎತ್ತಿಡಲಿ. ನೋಂದಣಿಗೆ ಕೊನೇ ದಿನ ಹತ್ತಿರ ಬಂತು ಅಂತ ಯಾರಾದರೂ ಅವಸರ ಮಾಡಿದರೆ ರೇಥ್ ರೋವರ್ಸ್‌ನ ಜನವರಿ 31 ನೆನಪಿಸಿ.

ಕೊನೆಯಲ್ಲಿ ಒಂದು ಕೆಲಸ. ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿ. ಸ್ಟ್ರೈಕರ್‌ನ ವಯಸ್ಸು ಬರೆದಿದ್ದೀರಿ, ಅವನ ಆಟ ಬರೆದಿದ್ದೀರಿ, ಬ್ಯಾನ್ ಎಷ್ಟು ದಿನ ಅಂತ ಬರೆದಿದ್ದೀರಿ. ದವಡೆ ಮುರಿಸಿಕೊಂಡ ಹುಡುಗನ ಬಗ್ಗೆ ಇರುವುದು ಒಂದೇ ಸಾಲು. ಅವನಿಗೆ ಎಷ್ಟು ವರ್ಷ? ಈಗ ಯಾವ ತಂಡದಲ್ಲಿದ್ದಾನೆ? ಆಡುತ್ತಿದ್ದಾನಾ, ಅಥವಾ ಅವನಿಗೂ ಮಂಡಿ ನೋವು ಬಂತಾ? ಈ ಭಾನುವಾರ ಯಾರಾದರೂ ಒಬ್ಬರು ಅವನ ಮನೆಗೆ ಹೋಗಿ ಬನ್ನಿ. ಅಲ್ಲಿ ಏನು ಹೇಳಿದರು ಅಂತ ನನಗೆ ಬರೆಯಿರಿ. ಸ್ಟ್ರೈಕರ್ ವಿಷಯ ಆಮೇಲೆ ಮಾತಾಡೋಣ.